ಯೊರುಬಾ ನಾಡು ನೋಡುವುದು ಹೇಗೆ: ಲಸಿಕೆಯಿಂದ ಓಶೊಗ್ಬೊ ಕಾಡಿನ ತನಕ, ಹಂತ ಹಂತವಾಗಿ

ಕೆಲಸದ ಮೇಲೆ ಲಾಗೋಸ್‌ಗೆ ಹೋಗಿ ಬಂದವರ ಬಾಯಲ್ಲಿ ಒಂದೇ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ಭಾನುವಾರ ರಜೆ ಇತ್ತು, ದೇವರಕಾಡು ಇರುವ ಓಶೊಗ್ಬೊಗೆ ಬೆಳಿಗ್ಗೆ ಹೋಗಿ ಸಂಜೆ ಬರೋಣ ಅಂತ ಹೊರಟೆವು. ತಲುಪುವಾಗ ಮಧ್ಯಾಹ್ನ ಮೂರು. ಅರ್ಧ ಗಂಟೆ ನೋಡಿದ ಶಾಸ್ತ್ರ ಮಾಡಿ ತಿರುಗಿದೆವು. ಕತ್ತಲಲ್ಲಿ ಹೆದ್ದಾರಿಯಲ್ಲಿ ಜೀವ ಬಾಯಿಗೆ ಬಂತು." ಕೆಲವರಿಗೆ ಇದೂ ಆಗಲಿಲ್ಲ. ಟ್ರಾಫಿಕ್ಕಲ್ಲೇ ಅರ್ಧ ದಿನ ಕಳೆದು ಹೋಟೆಲಿಗೆ ಮರಳಿದರು.

ತಪ್ಪು ಜಾಗದ್ದಲ್ಲ, ಕ್ರಮದ್ದು. ಏನು ಮೊದಲು, ಏನು ಆಮೇಲೆ ಅನ್ನುವುದನ್ನು ಸರಿಮಾಡಿಕೊಂಡರೆ ಒಂದು ವಾರದಲ್ಲಿ ಆರಾಮಾಗಿ ನೋಡಬಹುದು. ಯೊರುಬಾ ನಾಡು ಅಂದರೆ ಇಲ್ಲಿ ಯೊರುಬಾ ಜನಾಂಗದವರ ನೆಲೆಯಾದ ನೈಜೀರಿಯಾದ ನೈರುತ್ಯ ಭಾಗ: ಲಾಗೋಸ್, ಒಗುನ್, ಓಯೊ, ಒಶುನ್, ಒಂಡೊ, ಎಕಿಟಿ ಎಂಬ ಆರು ರಾಜ್ಯಗಳು.

## ಹಂತ 1: ಮೊದಲು ಲಸಿಕೆ, ಆಮೇಲೆ ವೀಸಾ, ಕೊನೆಗೆ ಟಿಕೆಟ್

ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದು, ಆಮೇಲೆ ಲಸಿಕೆಗೆ ಓಡಾಡುತ್ತಾರೆ.

ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದರ ಪ್ರಮಾಣಪತ್ರವಾದ ಹಳದಿ ಪುಸ್ತಕಕ್ಕೆ ಬೆಲೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು, ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಕೆಲವು ಕಡೆ ವಾರದಲ್ಲಿ ಗೊತ್ತಾದ ದಿನ ಮಾತ್ರ ಕೊಡುತ್ತಾರೆ. ಒಮ್ಮೆ ಹಾಕಿಸಿದರೆ ಸಾಕು, ಜೀವನಪೂರ್ತಿ ನಡೆಯುತ್ತದೆ. 2016ರಿಂದ ನಿಯಮ ಹೀಗಿದೆ.

ಈ ಪುಸ್ತಕವನ್ನು ನೈಜೀರಿಯಾಕ್ಕೆ ಇಳಿಯುವಾಗಷ್ಟೇ ಅಲ್ಲ, ಭಾರತಕ್ಕೆ ಮರಳುವಾಗಲೂ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಪಾಸ್‌ಪೋರ್ಟ್ ಒಳಗೇ ರಬ್ಬರ್‌ಬ್ಯಾಂಡ್ ಹಾಕಿ ಇಡಿ. ಚೆಕ್-ಇನ್ ಬ್ಯಾಗಿಗೆ ಹಾಕಿ ಪೇಚಾಡಿದವರನ್ನು ನೋಡಿದ್ದೇನೆ.

ಮಲೇರಿಯಾ ಮಾತ್ರೆ ಬಗ್ಗೆ ಅದೇ ಹೊತ್ತಿಗೆ ಡಾಕ್ಟರನ್ನು ಕೇಳಿ. ಕೆಲವು ಮಾತ್ರೆಗಳನ್ನು ಹೊರಡುವ ಮುಂಚೆಯೇ ಶುರುಮಾಡಿ, ಬಂದ ಮೇಲೂ ಮುಂದುವರಿಸಬೇಕು. "ನಮ್ಮೂರಲ್ಲೂ ಸೊಳ್ಳೆ ಇದೆಯಲ್ಲ" ಅನ್ನುವ ಧೈರ್ಯ ಬೇಡ. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಜಾತಿಯದು, ಜೀವ ತೆಗೆಯುವಂಥದ್ದು.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ನೈಜೀರಿಯಾದ ವಲಸೆ ಇಲಾಖೆಯ ಅಧಿಕೃತ ಜಾಲತಾಣ ಬಿಟ್ಟು ಬೇರೆ ಕಡೆ ದುಡ್ಡು ಕಟ್ಟಬೇಡಿ.

## ಹಂತ 2: ತಿಂಗಳು ಆರಿಸಿಕೊಳ್ಳಿ

ನವೆಂಬರ್‌ನಿಂದ ಮಾರ್ಚ್ ಒಣಗಾಲ. ಬಂಡೆ ಹತ್ತುವುದಕ್ಕೆ, ರಸ್ತೆಗೆ ಒಳ್ಳೆಯದು. ಆದರೆ ಡಿಸೆಂಬರ್, ಜನವರಿಯಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಅನ್ನುವ ಧೂಳುಗಾಳಿ ಬೀಸುತ್ತದೆ. ತುಟಿ ಒಡೆಯುತ್ತದೆ. ದೂರದ ಗುಡ್ಡ ಕಾಣುವುದೇ ಇಲ್ಲ. ಬೆಟ್ಟದ ಮೇಲಿನ ಫೋಟೋಕ್ಕಾಗಿಯೇ ಹೋಗುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಏಪ್ರಿಲ್‌ನಿಂದ ಅಕ್ಟೋಬರ್ ಮಳೆ. ಜಲಪಾತ ತುಂಬಿರುತ್ತದೆ, ಮೆಟ್ಟಿಲೂ ಪಾಚಿ ಕಟ್ಟಿರುತ್ತದೆ. ಆಗಸ್ಟ್‌ನಲ್ಲಿ ಮಳೆ ಕೆಲವು ವಾರ ಬಿಡುವು ಕೊಡುತ್ತದೆ. ಓಶೊಗ್ಬೊದಲ್ಲಿ ಹೊಳೆಯ ದೇವಿ ಒಶುನ್‌ಳ ಹನ್ನೆರಡು ದಿನದ ಹಬ್ಬ ಬರುವುದೂ ಹೆಚ್ಚುಕಡಿಮೆ ಆಗಲೇ. ಹಬ್ಬ ನೋಡಬೇಕು ಅನ್ನುವವರು ಕೊಠಡಿಯನ್ನು ತಿಂಗಳುಗಳ ಮುಂಚೆಯೇ ಹಿಡಿಯಬೇಕು. ಹಬ್ಬ ಬೇಡ, ಕಾಡು ನೋಡಬೇಕು ಅನ್ನುವವರು ಅದೇ ವಾರ ಹೋಗಬೇಡಿ. ಜನಸಾಗರದ ನಡುವೆ ಒಂದು ಮೂರ್ತಿಯೂ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು: ಚುನಾವಣೆಯ ದಿನ ಅಲ್ಲಿ ವಾಹನ ಓಡಾಟವನ್ನೇ ನಿಲ್ಲಿಸುತ್ತಾರೆ. ದಿನಾಂಕ ನೋಡಿಕೊಂಡು ಹೊರಡಿ.

## ಹಂತ 3: ಲಾಗೋಸನ್ನು ಬಿಡಾರ ಮಾಡಿಕೊಳ್ಳಬೇಡಿ

ಇದೊಂದು ಹಂತ ಸರಿಯಾದರೆ ಅರ್ಧ ಪ್ರವಾಸ ಗೆದ್ದ ಹಾಗೆ.

ಲಾಗೋಸ್‌ನಲ್ಲಿ ಒಂದು ದಿನ ಸಾಕು. ಅದನ್ನು ಒನಿಕಾನ್‌ನಲ್ಲಿ ಕಳೆಯಿರಿ. ಅಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಯೊರುಬಾ ಸಂಸ್ಕೃತಿಗೆಂದೇ ಕಟ್ಟಿದ ಜಾನ್ ರ‍್ಯಾಂಡಲ್ ಕೇಂದ್ರವೂ ಅಕ್ಕಪಕ್ಕ ಇವೆ. ದೇವತೆಗಳ ಹೆಸರು, ಮುಖವಾಡ, ವೇಷ ಯಾವುದು ಏನು ಅಂತ ಇಲ್ಲಿ ಒಮ್ಮೆ ತಿಳಿದುಕೊಂಡರೆ ಮುಂದೆ ಕಾಡಿನಲ್ಲಿ ನಿಂತಾಗ ತಲೆ ಕೆರೆದುಕೊಳ್ಳಬೇಕಿಲ್ಲ.

ಮಾರನೆಯ ದಿನ ರೈಲು ಹಿಡಿಯಿರಿ. ಎಬುಟೆ ಮೆಟ್ಟಾದಿಂದ ಅಬೆಯೊಕುಟಾ ಮೂಲಕ ಇಬಾದಾನ್ ತನಕ 157 ಕಿ.ಮೀ. ಹಳಿ ಇದೆ. 2021ರಿಂದ ಪ್ರಯಾಣಿಕರ ರೈಲು ಓಡುತ್ತಿದೆ. ಹೆದ್ದಾರಿಯ ಟ್ರಾಫಿಕ್ ಪೂರ್ತಿ ತಪ್ಪುತ್ತದೆ. ಒಂದೇ ಎಚ್ಚರಿಕೆ: ಲಾಗೋಸ್ ಬಿಟ್ಟ ಮೇಲೆ ನಿಲ್ದಾಣಗಳು ಊರಿನ ಒಳಗಿಲ್ಲ. ಇಬಾದಾನ್ ನಿಲ್ದಾಣ ಇರುವುದು ಮೊನಿಯಾದಲ್ಲಿ, ಊರಿನಾಚೆ. ಇಳಿದ ಮೇಲೆ ಊರಿಗೆ ಇನ್ನೊಂದು ಗಾಡಿ, ಇನ್ನೊಂದಿಷ್ಟು ಹೊತ್ತು ಬೇಕು. ಇದನ್ನು ಲೆಕ್ಕ ಹಾಕದೆ ಸಂಜೆ ರೈಲು ಹಿಡಿದು ಕತ್ತಲಲ್ಲಿ ಇಳಿಯುತ್ತಾರೆ.

ನನ್ನ ಕ್ರಮ ಹೀಗಿದೆ. ಮೊದಲ ದಿನ ಲಾಗೋಸ್. ಎರಡನೇ ದಿನ ರೈಲಿನಲ್ಲಿ ಅಬೆಯೊಕುಟಾ, ರಾತ್ರಿ ಅಲ್ಲೇ. ಮೂರನೇ ದಿನ ರೈಲಿನಲ್ಲಿ ಇಬಾದಾನ್. ನಾಲ್ಕನೇ ದಿನ ಬೆಳಿಗ್ಗೆ ಕಾರಿನಲ್ಲಿ ಇಲೆ-ಇಫೆ ನೋಡಿಕೊಂಡು ಸಂಜೆಯೊಳಗೆ ಓಶೊಗ್ಬೊ. ಅಲ್ಲಿ ಮೂರು ರಾತ್ರಿ. ಅಲ್ಲಿಂದಲೇ ಕಾಡು, ಜಲಪಾತ ಎಲ್ಲ.

## ಹಂತ 4: ಗಾಡಿ ಗೊತ್ತುಮಾಡುವುದು

ಊರಿಂದೂರಿಗೆ ಹೋಗುವ ಗಾಡಿಗಳು ಮೋಟರ್ ಪಾರ್ಕಿನಿಂದ ಹೊರಡುತ್ತವೆ. ವೇಳಾಪಟ್ಟಿ ಇಲ್ಲ, ಸೀಟು ತುಂಬಿದಾಗ ಹೊರಡುವುದು. ಬೆಳಿಗ್ಗೆ ಏಳಕ್ಕೆ ಹೋದರೆ ಬೇಗ ತುಂಬುತ್ತದೆ. ಹನ್ನೊಂದಕ್ಕೆ ಹೋದರೆ ಬಿಸಿಲಲ್ಲಿ ಬೆವರುತ್ತಾ ಕೂರಬೇಕು. ಒಂದೆರಡು ಸೀಟು ಉಳಿದಿದ್ದರೆ ಅದರ ದುಡ್ಡೂ ಕೊಟ್ಟು ಹೊರಡಿಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಇಡೀ ಗಾಡಿ ನಮಗೇ ಬೇಕಾದರೆ "ಡ್ರಾಪ್" ಅನ್ನಬೇಕು. ಈ ಪದ ಗೊತ್ತಿಲ್ಲದೆ ಮೋಸ ಹೋದವರು ಜಾಸ್ತಿ. ಒಬ್ಬರ ಸೀಟಿನ ದರ ಅಂದುಕೊಂಡು ಹತ್ತುತ್ತಾರೆ, ಇಳಿಯುವಾಗ ಡ್ರಾಪ್ ದರ ಕೇಳುತ್ತಾನೆ. ಹತ್ತುವ ಮುಂಚೆಯೇ "ಡ್ರಾಪ್ ಅಲ್ಲ ತಾನೇ?" ಅಂತ ಕೇಳಿ. ಓಶೊಗ್ಬೊದಿಂದ ಜಲಪಾತಕ್ಕೆ ಮಾತ್ರ ಡ್ರಾಪೇ ಮಾಡಿ, ಕಾಯುವ ಹೊತ್ತಿನ ದುಡ್ಡನ್ನೂ ಸೇರಿಸಿ ಮಾತಾಡಿ. ಅಲ್ಲಿ ವಾಪಸ್ ಗಾಡಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಊರೊಳಗೆ "ಕೆಕೆ" ಇದೆ. ನೋಡಿದ ಕೂಡಲೇ ಗುರುತು ಹಿಡಿಯುತ್ತೀರಿ, ನಮ್ಮ ಬಜಾಜ್ ಆಟೋ ಅದು. ಮೀಟರ್ ಕೇಳುವ ಅಭ್ಯಾಸ ಮಾತ್ರ ಬೆಂಗಳೂರಲ್ಲೇ ಬಿಟ್ಟು ಹೋಗಿ.

ಕತ್ತಲಾದ ಮೇಲೆ ಊರಿಂದೂರಿಗೆ ಹೋಗುವುದೇ ಬೇಡ. ಅಪಘಾತದ ಭಯ ಒಂದು, ಅಪಹರಣದ ಭಯ ಇನ್ನೊಂದು. ಸಂಜೆ ಐದಕ್ಕೆ ಎಲ್ಲಿರುತ್ತೀರೋ ಅಲ್ಲೇ ಉಳಿಯಿರಿ. ಎಕಿಟಿ, ಒಂಡೊ ಕಡೆಯ ಕಾಡುದಾರಿಗೆ ಹೋಗುವ ಹಿಂದಿನ ದಿನ ಹೋಟೆಲಿನವರನ್ನೂ ಚಾಲಕನನ್ನೂ ಬೇರೆ ಬೇರೆಯಾಗಿ ಕೇಳಿ. ಇಬ್ಬರ ಮಾತೂ ಕೂಡಿದರೆ ಮಾತ್ರ ಹೊರಡಿ.

## ಹಂತ 5: ಚೀಲ ಮತ್ತು ಕಾಸು

ಬೇಕಾದವು: ಹಿಡಿತವಿರುವ ಶೂ, ತಲೆಗೆ ಕಟ್ಟುವ ಟಾರ್ಚ್, ಪವರ್ ಬ್ಯಾಂಕ್, ಸೊಳ್ಳೆ ಕ್ರೀಮು, ಓಆರ್‌ಎಸ್ ಪುಡಿ, ಬ್ರಿಟನ್ ಮಾದರಿಯ ಮೂರು ಚಪ್ಪಟೆ ಕಡ್ಡಿಯ ಪ್ಲಗ್, ಮೊಣಕಾಲು ಮುಚ್ಚುವ ಬಟ್ಟೆ, ಪಾಸ್‌ಪೋರ್ಟಿನ ಎರಡು ಜೆರಾಕ್ಸ್. ಸೈನಿಕರ ಬಟ್ಟೆಯಂತೆ ಕಾಣುವ ಹಸಿರು ಚುಕ್ಕೆಯ ಪ್ಯಾಂಟು ಬೇಡವೇ ಬೇಡ, ತಪಾಸಣೆಯಲ್ಲಿ ನಿಲ್ಲಿಸುತ್ತಾರೆ.

ಕರೆಂಟ್ ಹೋಗುತ್ತಿರುತ್ತದೆ, ಜನರೇಟರ್ ಎಷ್ಟು ಗಂಟೆ ಓಡಿಸುತ್ತೀರಿ ಅಂತ ಹೋಟೆಲಿನಲ್ಲಿ ಮೊದಲೇ ಕೇಳಿ. ಕರೆಂಟ್ ಬಂದ ಕ್ಷಣ ಬೀದಿಯ ಮಕ್ಕಳೆಲ್ಲ "ಅಪ್ ನೆಪಾ!" ಅಂತ ಕೂಗುತ್ತಾರೆ (ನೆಪಾ ಅಂದರೆ ಅಲ್ಲಿನ ಹಳೇ ವಿದ್ಯುತ್ ಮಂಡಳಿ). ಗಾಬರಿ ಆಗಬೇಡಿ.

ಹೊರದೇಶದ ಕಾರ್ಡು ಸಣ್ಣ ಊರುಗಳಲ್ಲಿ ಕೈಕೊಡುತ್ತದೆ. ನೈರಾ ನೋಟು ಬೇಕು. ಎಟಿಎಂ ಖಾಲಿ ಇದ್ದಾಗ ಅಲ್ಲಿನವರು ಹೋಗುವುದು ರಸ್ತೆಬದಿಯಲ್ಲಿ ಕೊಡೆಯ ಕೆಳಗೆ ಪಿಒಎಸ್ (ಕಾರ್ಡ್ ಉಜ್ಜುವ ಯಂತ್ರ) ಇಟ್ಟುಕೊಂಡು ನೋಟು ಕೊಡುವವರ ಹತ್ತಿರ. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಇರುವವರಿಗೇ ಅನುಕೂಲ. ಹಾಗಾಗಿ ಲಾಗೋಸ್ ಬಿಡುವ ಮುಂಚೆಯೇ ವಾರದ ಕಾಸು ಬದಲಿಸಿ, ಸಣ್ಣ ನೋಟು ಕಟ್ಟು ಮಾಡಿಕೊಳ್ಳಿ.

## ಹಂತ 6: ಎರಡು ನಮಸ್ಕಾರ ಕಲಿಯಿರಿ

ಇದನ್ನು ಬಿಟ್ಟವರಿಗೆ ಬಾಗಿಲು ತೆರೆಯುವುದಿಲ್ಲ. ನಿಜವಾಗಿ ಹೇಳುತ್ತೇನೆ. ವಿಷಯಕ್ಕೆ ನೇರ ಇಳಿಯುವುದು ಅಲ್ಲಿ ಒರಟುತನ. ಮೊದಲು ನಮಸ್ಕಾರ, ಆಮೇಲೆ ಪ್ರಶ್ನೆ.

ಬೆಳಿಗ್ಗೆ "ಎ ಕಾರೊ", ಮಧ್ಯಾಹ್ನ "ಎ ಕಾಸಾನ್", ರಾತ್ರಿ "ಎ ಕಾಲೆ". ಧನ್ಯವಾದಕ್ಕೆ "ಎ ಶೆ". ಮುಂದಿರುವ "ಎ" ನಮ್ಮ "ನೀವು" ಇದ್ದ ಹಾಗೆ, ಬಹುವಚನವೂ ಹೌದು, ಗೌರವವೂ ಹೌದು. "ನೀನು" ಅನ್ನುವುದಕ್ಕೆ "ಒ" ಬೇರೆಯೇ ಇದೆ. ಕನ್ನಡದವರಿಗೆ ಇದು ಒಂದೇ ನಿಮಿಷದಲ್ಲಿ ಹಿಡಿಯುತ್ತದೆ. ಹಿರಿಯರನ್ನು ಹೆಸರು ಹಿಡಿದು ಕರೆಯಬೇಡಿ. "ಬಾಬಾ", "ಮಾಮಾ" ಅನ್ನಿ. ನಮ್ಮ ಮಾವ ಅಲ್ಲ, ಅಲ್ಲಿ ಮಾಮಾ ಅಂದರೆ ಅಮ್ಮ.

ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲೇ. ಇದು ನಮಗೆ ಗೊತ್ತಿರುವುದೇ, ಆದರೆ ಬಲಗೈಯಲ್ಲಿ ಫೋನ್ ಇದ್ದಾಗ ಮರೆತುಹೋಗುತ್ತದೆ. ಓಶೊಗ್ಬೊದಲ್ಲಿ ಒಬ್ಬ ಅಜ್ಜಿಗೆ ಹಾಗೆ ಎಡಗೈಯಲ್ಲಿ ನೋಟು ಚಾಚಿದ್ದೆ. ಅವರು ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೈಕಟ್ಟಿ ಕೂತರು. ಕಿತ್ತಳೆಯ ಸಿಪ್ಪೆ ತೆಗೆಯುತ್ತಿದ್ದ ಚಾಕು ಮಡಿಲಲ್ಲಿ ಹಾಗೇ ಇತ್ತು. ಫೋನ್ ಜೇಬಿಗೆ ಹಾಕಿ ಬಲಗೈಗೆ ನೋಟು ಬದಲಿಸಿದ ಮೇಲೆ ತೆಗೆದುಕೊಂಡು, ಒಂದು ಕಿತ್ತಳೆ ಜಾಸ್ತಿ ಕೊಟ್ಟರು.

ನಿಮ್ಮನ್ನು ನೋಡಿ ಮಕ್ಕಳು "ಒಯಿಂಬೊ" ಅಂತ ಕೂಗಬಹುದು. ಬಿಳಿಯರಿಗೆ ಹೇಳುವ ಮಾತು, ನಮ್ಮ ಬಣ್ಣಕ್ಕೂ ಸಲ್ಲುತ್ತದೆ. ನಕ್ಕು ಕೈಬೀಸಿ.

## ಹಂತ 7: ಅಬೆಯೊಕುಟಾ, ಬಂಡೆ ಮತ್ತು ಬಟ್ಟೆ

ಊರಿನ ಹೆಸರಿನ ಅರ್ಥವೇ "ಬಂಡೆಯ ಕೆಳಗೆ". ಒಲುಮೊ ಬಂಡೆಯನ್ನು ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ. ಲಿಫ್ಟ್ ಇದೆ, ಆದರೆ ಅದನ್ನು ನಂಬಿಕೊಂಡು ಮೊಣಕಾಲು ನೋವಿರುವವರನ್ನು ಕರೆದೊಯ್ಯಬೇಡಿ. ಮೇಲಕ್ಕೆ ಓಡುವ ಅವಸರದಲ್ಲಿ ಜನ ನಡುವಿನ ತಗ್ಗು ಗುಹೆಯನ್ನು ಬಿಟ್ಟುಬಿಡುತ್ತಾರೆ. 1830ರ ದಶಕದ ಯುದ್ಧಗಳಲ್ಲಿ ಯೊರುಬಾದವರದೇ ಒಂದು ಪಂಗಡವಾದ ಎಗ್ಬಾ ಜನ ಅಡಗಿದ್ದು ಅಲ್ಲೇ. ಬಗ್ಗಿ ಒಳಗೆ ಹೋಗಿ ನೆಲ ನೋಡಿ: ಬಂಡೆಯಲ್ಲೇ ಒರಳಿನಂಥ ಗುಂಡಿಗಳು, ಅರೆದು ಅರೆದು ನುಣುಪಾಗಿವೆ.

ಮಧ್ಯಾಹ್ನ ಇಟೊಕು ಮಾರುಕಟ್ಟೆಗೆ, ಕೈಯಲ್ಲಿ ನೀಲಿ ಬಣ್ಣ ಹಾಕಿದ ಅಡಿರೆ ಬಟ್ಟೆಗೆ. ಇಲ್ಲಿ ಆಗುವ ತಪ್ಪು, ಯಂತ್ರದಲ್ಲಿ ಅಚ್ಚು ಹಾಕಿದ ನಕಲನ್ನು ಕೈಕೆಲಸದ ಬೆಲೆಗೆ ಕೊಳ್ಳುವುದು. ಬಟ್ಟೆ ತಿರುಗಿಸಿ ನೋಡಿ. ಬಣ್ಣದ ತೊಟ್ಟಿಯಲ್ಲಿ ಅದ್ದಿದ್ದಾದರೆ ಎರಡೂ ಮೈ ಒಂದೇ ಗಾಢ ಇರುತ್ತದೆ. ಅಚ್ಚಿನದರ ಹಿಂಬದಿ ಮಂಕು. "ಅಡಿರೆ ಎಲೆಕೊ" ಅಂತ ಕೇಳಿದರೆ ಮರಗೆಣಸಿನ ಗಂಜಿಯಲ್ಲಿ ಚಿತ್ರ ಬರೆದ ಬಗೆ ತೋರಿಸುತ್ತಾರೆ. ಕೋಳಿಗರಿಯಿಂದ ಗಂಜಿ ಎಳೆದು, ಒಣಗಿಸಿ, ನೀಲಿಯಲ್ಲಿ ಅದ್ದಿ, ಆಮೇಲೆ ಗಂಜಿ ಕೆರೆದು ತೆಗೆಯುತ್ತಾರೆ. ಗಂಜಿ ಇದ್ದ ಕಡೆ ಬಿಳಿ ಉಳಿಯುತ್ತದೆ. ಗೆರೆಗಳು ಸ್ವಲ್ಪ ನಡುಗಿರುತ್ತವೆ. ಆ ನಡುಕಕ್ಕೇ ದುಡ್ಡು ಕೊಡುವುದು.

ಇಬಾದಾನ್‌ನಲ್ಲಿ ಮಾಪೊ ಗುಡ್ಡ ಹತ್ತಿ ತುಕ್ಕು ಬಣ್ಣದ ತಗಡಿನ ಛಾವಣಿಗಳನ್ನು ನೋಡಿ, ಉಂಡು ಮಲಗಿ. ಸಾಕು.

## ಹಂತ 8: ಇಲೆ-ಇಫೆ

ಯೊರುಬಾ ಜನ ಲೋಕವೇ ಇಲ್ಲಿ ಹುಟ್ಟಿತು ಅನ್ನುತ್ತಾರೆ. ಅರಮನೆ, ಅದರ ಪಕ್ಕದಲ್ಲೇ ವಸ್ತುಸಂಗ್ರಹಾಲಯ, ಆಮೇಲೆ ಒರಾನ್ಮಿಯಾನ್ ಕಂಬ, ಈ ಕ್ರಮದಲ್ಲಿ ಹೋಗಿ.

ಅರಮನೆಗೆ ಸೀದಾ ನುಗ್ಗಬೇಡಿ. ಬಾಗಿಲಲ್ಲಿ ನಿಂತು, ನಮಸ್ಕಾರ ಹೇಳಿ, ಒಳಗೆ ನೋಡಲು ಯಾರನ್ನು ಕೇಳಬೇಕು ಅಂತ ವಿಚಾರಿಸಿ. ಟೋಪಿ ತೆಗೆಯಿರಿ. ಇಲ್ಲಿನ ದೊರೆಗೆ "ಓನಿ" ಅಂತ ಹೆಸರು. ದರ್ಶನ ಆಗುತ್ತದೆ ಅಂದುಕೊಂಡು ಹೋಗುವುದು ದಡ್ಡತನ. ಆದರೆ ಅಂಗಳ ಸುತ್ತಿಸುವ ಅರಮನೆಯವರು ಒಳ್ಳೆಯ ಕಥೆಗಾರರು.

1938ರಲ್ಲಿ ಇಲ್ಲಿ ಮನೆಯ ಪಾಯ ತೋಡುವಾಗ ಸಿಕ್ಕ ಲೋಹದ ತಲೆಗಳನ್ನು ನೋಡಲೆಂದೇ ಬಹಳ ಜನ ಬರುತ್ತಾರೆ. ಎಲ್ಲವೂ ಇಲ್ಲೇ ಇಲ್ಲ. ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.  ಒರಾನ್ಮಿಯಾನ್ ಕಂಬ ಸುಮಾರು ಐದೂವರೆ ಮೀಟರ್ ಎತ್ತರದ ಕಲ್ಲು, ಮೈಯಲ್ಲಿ ಕಬ್ಬಿಣದ ಮೊಳೆಗಳ ಸಾಲು. ಹತ್ತು ನಿಮಿಷದ ಕೆಲಸ.

## ಹಂತ 9: ಓಶೊಗ್ಬೊದ ದೇವರಕಾಡು

ಕೊಡಗಿನ ದೇವರಕಾಡು ನೋಡಿದವರಿಗೆ ಇಲ್ಲಿನ ಕಟ್ಟುಪಾಡು ಹೇಳಿಕೊಡಬೇಕಿಲ್ಲ. ಕಡಿಯುವ ಹಾಗಿಲ್ಲ, ಬೇಟೆ ಇಲ್ಲ, ಹೊಳೆಯಲ್ಲಿ ಮೀನು ಹಿಡಿಯುವ ಹಾಗಿಲ್ಲ. ಸುಮಾರು 75 ಹೆಕ್ಟೇರ್ ಕಾಡು, ನಡುವೆ ಒಶುನ್ ಹೊಳೆ, ನಲವತ್ತು ಗುಡಿಗಳು. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಇದಕ್ಕೆ ಇಡೀ ಬೆಳಗ್ಗೆ ಮೀಸಲಿಡಿ. ಹೀಗೆ ಮಾಡಿ:

1. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಟಿಕೆಟ್ ತೆಗೆಯಿರಿ. ಕ್ಯಾಮೆರಾಕ್ಕೆ ಬೇರೆ ದುಡ್ಡು. ರಸೀದಿ ಕೇಳಿ, ಇಟ್ಟುಕೊಳ್ಳಿ. ಒಳಗೆ ಮತ್ತೊಬ್ಬರು ಬಂದು ಕ್ಯಾಮೆರಾ ದುಡ್ಡು ಕೇಳಿದರೆ ತೋರಿಸಲು ಬೇಕು.

2. ಟಿಕೆಟ್ ಕೊಡುವಲ್ಲೇ ಗೈಡನ್ನು ಗೊತ್ತುಮಾಡಿ. ದಾರಿಯಲ್ಲಿ ಬಂದು ಸೇರಿಕೊಳ್ಳುವವರನ್ನು ನಮಸ್ಕಾರ ಹೇಳಿ ಕಳಿಸಿ.

3. ಮೊದಲು ಹೊಳೆಯ ದಡದ ಗುಡಿಗೆ ಹೋಗಬೇಡಿ. ಎಲ್ಲರೂ ಅಲ್ಲಿಗೇ ಓಡುತ್ತಾರೆ. ಒಳಗಿನ ಮೂರ್ತಿಗಳನ್ನು ತಂಪಿನಲ್ಲಿ ನೋಡಿ, ಕೊನೆಗೆ ಹೊಳೆಗೆ ಬನ್ನಿ. ಮಣ್ಣು, ಸಿಮೆಂಟಿನ ಈ ಭಾರಿ ಆಕೃತಿಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಸೂಜಾನ್ ವೆಂಗರ್ ಎಂಬ ಕಲಾವಿದೆ ಮತ್ತು ಊರಿನ ಕಲಾವಿದರು. ಆಸ್ಟ್ರಿಯಾ ಮೂಲದ, 1950ರಲ್ಲಿ ಬಂದ ವೆಂಗರ್ 2009ರಲ್ಲಿ ಸಾಯುವ ತನಕ ಈ ನಾಡು ಬಿಡಲಿಲ್ಲ. ಆ ಕಲಾವಿದರಲ್ಲೊಬ್ಬರಾದ ಅಡೆಬಿಸಿ ಅಕಾಂಜಿ ಮಾಡಿದ ಜಾಲಂದ್ರದ ಗೋಡೆಗಳನ್ನು ತೋರಿಸಿ ಅಂತ ಗೈಡಿಗೆ ಬಾಯಿಬಿಟ್ಟು ಕೇಳಿ.

4. ಮೂರ್ತಿ ಮುಟ್ಟಬೇಡಿ, ಒರಗಬೇಡಿ. ಬಿಸಿಲು ಮಳೆಗೆ ಅವು ಈಗಾಗಲೇ ಬಿರುಕು ಬಿಟ್ಟಿವೆ. ಎಲ್ಲಿ ಚಪ್ಪಲಿ ಬಿಡಬೇಕು ಅಂತ ಪ್ರತಿ ಗುಡಿಯ ಮುಂದೆ ಕೇಳಿ.

5. ಪೂಜೆಯಲ್ಲಿರುವವರ ಫೋಟೋ ಕೇಳದೆ ತೆಗೆಯಬೇಡಿ. ಅವರಿಗೆ ಇದು ಮ್ಯೂಸಿಯಂ ಅಲ್ಲ. ಯಾರಾದರೂ ನಿಮಗೂ ಹರಸುತ್ತೇನೆ ಅಂದರೆ, ಕಾಣಿಕೆ ಎಷ್ಟು ಅಂತ ಮುಂಚೆಯೇ ಕೇಳಿ, ಬೇಡವಾದರೆ "ಎ ಶೆ" ಅಂದು ಹಿಂದೆ ಸರಿಯಿರಿ.

6. ಹೊಳೆಯ ನೀರು ಕುಡಿಯಬೇಡಿ. ಭಕ್ತರು ಬಾಟಲಿಯಲ್ಲಿ ತುಂಬಿಕೊಳ್ಳುವುದನ್ನು ನೋಡಿ ತೀರ್ಥ ಅಂತ ಒಂದು ಗುಟುಕು ಕುಡಿಯುವ ಆಸೆ ನಮ್ಮವರಿಗೆ ಬರುತ್ತದೆ. ಮೇಲ್ದಂಡೆಯಲ್ಲಿ ಚಿನ್ನದ ಗಣಿಗಾರಿಕೆ ನಡೆದು ನೀರು ಕಂದು ಬಣ್ಣಕ್ಕೆ ತಿರುಗಿದೆ. ಕೈಮುಗಿದರೆ ಸಾಕು.

ಮರಗಳಲ್ಲಿ ಮೋನ ಕೋತಿಗಳಿವೆ. ಬಾಳೆಹಣ್ಣು ಚೀಲದಿಂದ ಹೊರಗೆ ತೆಗೆಯಬೇಡಿ, ಚಾಮುಂಡಿ ಬೆಟ್ಟದ ಅನುಭವವೇ ಇಲ್ಲೂ.

ಹಬ್ಬದ ದಿನವೇ ಹೋದರೆ ಒಂದು ಮಾತು. ತಲೆಯ ಮೇಲೆ ಮುಚ್ಚಿದ ಸೋರೆಬುರುಡೆ ಹೊತ್ತು "ಅರುಗ್ಬಾ" ಎಂಬ ಕನ್ಯೆ ಅರಮನೆಯಿಂದ ಹೊಳೆಗೆ ನಡೆದು ಬರುತ್ತಾಳೆ. ಅವಳ ದಾರಿಗೆ ಅಡ್ಡ ಹೋಗುವುದು, ಸೆಲ್ಫಿಗೆ ಹತ್ತಿರ ನುಗ್ಗುವುದು ಖಂಡಿತ ಕೂಡದು. ಸುತ್ತ ಚಾಟಿ ಹಿಡಿದವರು ಇರುತ್ತಾರೆ, ತಮಾಷೆಗಲ್ಲ.

## ಹಂತ 10: ಜಲಪಾತ ಮತ್ತು ಬಿಸಿನೀರು

ಎರಿನ್-ಇಜೆಶಾದ ಒಲುಮಿರಿನ್ ಜಲಪಾತಕ್ಕೆ ಏಳು ಹಂತ. ಮೊದಲೆರಡಕ್ಕೆ ಯಾರು ಬೇಕಾದರೂ ಹೋಗಬಹುದು. ಅದರಾಚೆ ಕೈಯೂರಿ ಹತ್ತುವ ದಾರಿ. ಮಳೆಯಲ್ಲಿ ಎರಡನೆಯದಕ್ಕೇ ನಿಲ್ಲಿ. ಮುಂದಕ್ಕೆ ಹೋದರೆ ಹತ್ತುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ ಮೇಲೆ ಎಲ್ಲೋ ಮಳೆಯಾಗಿದೆ ಅಂತ ಅರ್ಥ. ಬಟ್ಟೆ ಹುಡುಕುತ್ತಾ ನಿಲ್ಲದೆ ದಡ ಹತ್ತಿ.

ಅಲ್ಲಿಂದ ಮುಂದೆ ಎಕಿಟಿಯ ಇಕೊಗೊಸಿ. ಬಿಸಿ ಒರತೆ, ತಣ್ಣನೆ ಒರತೆ ಬೇರೆ ಬೇರೆ ಕಡೆಯಿಂದ ಹರಿದು ಕೂಡುತ್ತವೆ. ಕೂಡುವ ಜಾಗದಲ್ಲಿ ಒಂದೊಂದು ಕಾಲು ಒಂದೊಂದರಲ್ಲಿ ಇಟ್ಟು ನಿಲ್ಲುವುದೇ ಮಜಾ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಾತ್ರ ಎರಡೂ ಒಂದೇ ದಿನ. ತಡವಾದರೆ ಇಕೊಗೊಸಿ ಬಿಟ್ಟುಬಿಡಿ.

ಇನ್ನೆರಡು ದಿನ ಇದ್ದರೆ ಒಂಡೊದ ಇಡಾನ್ರೆ ಬೆಟ್ಟ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ ಜನ ಬಿಟ್ಟುಹೋದ ಹಳೇ ಊರು.

## ಹಂತ 11: ಊಟ

ಮಾಂಸ ತಿನ್ನುವವರಿಗೆ ಚಿಂತೆ ಇಲ್ಲ, ಖಾರಕ್ಕೂ ಕೊರತೆ ಇಲ್ಲ. ಅಮಲಾ ನೋಡಿದ ಕೂಡಲೇ ಮಂಡ್ಯದವರಿಗೆ ಮನೆ ನೆನಪಾಗುತ್ತದೆ: ಕಪ್ಪಗೆ, ಮೆತ್ತಗೆ, ಮುದ್ದೆಯದೇ ರೂಪ. ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟಿನದು. ತಿನ್ನುವ ಬಗೆಯೂ ಅದೇ, ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗುವುದು.

ಸಸ್ಯಾಹಾರಿಗಳು ಮಾಡುವ ತಪ್ಪು, "ನೋ ಮೀಟ್" ಅಂದರೆ ಆಯಿತು ಅಂದುಕೊಳ್ಳುವುದು. ಒಣ ಸೀಗಡಿ ಪುಡಿ, ಮೀನು ಅಲ್ಲಿ ಮಸಾಲೆಯ ಲೆಕ್ಕ. ಸೊಪ್ಪಿನ ಸಾರಿನಲ್ಲೂ ಇರುತ್ತದೆ. "ನೋ ಮೀಟ್, ನೋ ಫಿಶ್, ನೋ ಕ್ರೇಫಿಶ್" ಅಂತ ಮೂರನ್ನೂ ಹೇಳಿ. ಮೊಯಿನ್-ಮೊಯಿನ್ ನಮ್ಮ ಕಡುಬಿನಂತೆ ಕಾಣುತ್ತದೆ, ಒಳಗೆ ಮೊಟ್ಟೆಯೋ ಮೀನೋ ಅಡಗಿರುತ್ತದೆ. ನಂಬಬಹುದಾದ್ದು ಅಕಾರಾ. ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಮೆಣಸಿನಕಾಯಿ ಜೊತೆ ರುಬ್ಬಿ ಎಣ್ಣೆಗೆ ಬಿಡುವ ವಡೆ. ಬೆಳಿಗ್ಗೆ ಬೀದಿಯಲ್ಲಿ ಬಾಣಲೆಯ ಮುಂದೆಯೇ ನಿಂತು ಹಿಟ್ಟು ನೋಡಿ, ಕೇಳಿ, ತಿನ್ನಿ. ಜೊತೆಗೆ ಎಣ್ಣೆಯಲ್ಲಿ ಕರಿದ ಬಾಳೆಹಣ್ಣು "ಡೊಡೊ", ಸುಟ್ಟ ಬಾಳೆ "ಬೋಲಿ", ಕಡಲೆಕಾಯಿ. ಒಂದು ವಾರ ದಾಟುತ್ತದೆ.

ಪ್ಲಾಸ್ಟಿಕ್ ಪೊಟ್ಟಣದ "ಪ್ಯೂರ್ ವಾಟರ್" ಹೆಸರು ನಂಬಬೇಡಿ. ಸೀಲ್ ಇರುವ ಬಾಟಲಿ ಕೊಳ್ಳಿ.

## ಹಂತ 12: ಈ ಸೂಚನೆ ಕಂಡರೆ ನಿಲ್ಲಿ

ಬೀದಿಯಲ್ಲಿ ಹಠಾತ್ತನೆ ಹೆಂಗಸರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿದರೆ ಅದು ಒರೊ ಹಬ್ಬ ಇರಬಹುದು. ಕೆಲವು ಊರುಗಳಲ್ಲಿ ಆ ಹೊತ್ತಿಗೆ ಹೆಂಗಸರು ಹೊರಗೆ ಕಾಣಿಸಿಕೊಳ್ಳಕೂಡದು. ಹೊರಗಿನವರಿಗೆ ರಿಯಾಯಿತಿ ಇದೆ ಅಂದುಕೊಳ್ಳಬೇಡಿ. ತಂಡದಲ್ಲಿ ಹೆಂಗಸರಿದ್ದರೆ ಪ್ರತಿ ಹೊಸ ಊರಿನಲ್ಲೂ "ಈ ವಾರ ಒರೊ ಇದೆಯಾ?" ಅಂತ ಹೋಟೆಲಿನಲ್ಲಿ ಮೊದಲೇ ಕೇಳಿ.

ಎಗುಂಗುನ್ ವೇಷ ಎದುರಾದರೆ ಪಕ್ಕಕ್ಕೆ ಸರಿಯಿರಿ. ಬಟ್ಟೆಯ ಒಳಗಿರುವುದು ಪೂರ್ವಿಕರು ಅನ್ನುವುದು ನಂಬಿಕೆ, ಮುಟ್ಟುವಂತಿಲ್ಲ.

ವಿಮಾನ ನಿಲ್ದಾಣ, ಪೊಲೀಸ್, ಸೈನ್ಯ, ಸೇತುವೆ, ಇವುಗಳ ಫೋಟೋ ಬೇಡ. ಚಾಲಕ ಮುಖ್ಯ ರಸ್ತೆ ಬಿಟ್ಟು "ಶಾರ್ಟ್‌ಕಟ್" ಅಂದರೆ ಒಪ್ಪಬೇಡಿ.

## ಹಂತ 13: ವಾಪಸ್ ಬರುವಾಗ

ಹಳೆಯದು ಅಂತ ಮಾರುವ ಮರದ ಮೂರ್ತಿ, ಲೋಹದ ತಲೆ ಕೊಳ್ಳಬೇಡಿ. ನಿಜಕ್ಕೂ ಹಳೆಯದಾದರೆ ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಹೊಸದನ್ನು ಹಳೆಯದರಂತೆ ಮಾಡಿದ್ದರೂ ವಿಮಾನ ನಿಲ್ದಾಣದಲ್ಲಿ ಹಿಡಿದು ಕೇಳುತ್ತಾರೆ, ಅದಕ್ಕೆ ಸಂಗ್ರಹಾಲಯ ಇಲಾಖೆಯ ಚೀಟಿ ಮಾಡಿಸಿಟ್ಟುಕೊಳ್ಳಿ. ದಂತದ ಮಾತೇ ಬೇಡ.

ಊರಿಗೆ ಬಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. "ನೈಜೀರಿಯಾದಿಂದ ಬಂದಿದ್ದೇನೆ" ಅಂತ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ಮತ್ತೆ ಅಡಿರೆ. ಮೊದಲ ಎರಡು ಮೂರು ಒಗೆತ ಬೇರೆ ಬಕೆಟ್ಟಿನಲ್ಲಿ, ತಣ್ಣೀರಿನಲ್ಲಿ, ನೆರಳಲ್ಲಿ ಒಣಗಿಸಿ. ನೀಲಿ ಎಷ್ಟು ಬಿಡುತ್ತದೆ ಅಂದರೆ ನಂಬುವುದಿಲ್ಲ. ನಮ್ಮ ಮನೆಯಲ್ಲಿ ಅವಸರಕ್ಕೆ ಒಟ್ಟಿಗೆ ನೆನೆಸಿದ ನನ್ನ ಮೂರು ಬಿಳಿ ಬನಿಯನ್ ಇವತ್ತಿಗೂ ತಿಳಿ ನೀಲಿಯೇ.